ಹೃದ್ರೋಗ ತಜ್ಞರು ಪಕ್ಕದಲ್ಲಿಲ್ಲದ ಕಡೆ ಎಕೋ ಮಾಡುವುದು

ಪ್ರಶ್ನೆ: ಕಾರ್ಡಿಯಾಕ್ ಟೆಕ್ನಾಲಜಿ ಓದಿ, ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡು ವರ್ಷಗಳಿಂದ ಎಕೋ (ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ) ಟೆಕ್ನಿಷಿಯನ್ ಆಗಿದ್ದೇನೆ. ಈಗ ಸಾರ್ವಜನಿಕ ಆರೋಗ್ಯ ಚಿಕಿತ್ಸಾಲಯವೊಂದರಿಂದ ಕರೆ ಬಂದಿದೆ. ಅಲ್ಲಿ ಹೃದ್ರೋಗ ತಜ್ಞರು ದಿನವೂ ಇರುವುದಿಲ್ಲ. ನಾನು ಕಳಿಸಿದ ಚಿತ್ರಗಳನ್ನು ದೂರದಲ್ಲಿ ಕುಳಿತು ನೋಡಿ ವರದಿ ಬರೆಯುತ್ತಾರಂತೆ. ಯಂತ್ರ ಹಳೆಯದು. "ಅಲ್ಲಿಗೆ ಹೋದರೆ ಕೈ ಜಡ್ಡುಗಟ್ಟುತ್ತದೆ, ಇನ್ನು ಕೆಲವು ವರ್ಷಗಳಲ್ಲಿ ಈ ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತದೆ" ಎಂದು ಸಹೋದ್ಯೋಗಿಗಳು ಹೆದರಿಸುತ್ತಿದ್ದಾರೆ. ಕೆಲಸ ನಿಜವಾಗಿ ಹೇಗಿರುತ್ತದೆ? ರೋಗಿ "ಏನು ಕಾಣಿಸಿತು" ಎಂದು ಕೇಳಿದರೆ ಏನು ಹೇಳಬೇಕು? ಒಪ್ಪಿಕೊಳ್ಳುವ ಮುಂಚೆ ಏನನ್ನು ವಿಚಾರಿಸಬೇಕು?

ಉತ್ತರ: ಕೈ ಜಡ್ಡುಗಟ್ಟುವ ಮಾತನ್ನು ನಂಬಬೇಡಿ. ದೊಡ್ಡ ಆಸ್ಪತ್ರೆಯ ಎಕೋ ಕೋಣೆಗೆ ಬರುವವರಲ್ಲಿ ಹೆಚ್ಚಿನವರ ಕಾಯಿಲೆಗೆ ಆಗಲೇ ಹೆಸರಿಟ್ಟಾಗಿರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು, ಇನ್ಯಾವುದೋ ಶಸ್ತ್ರಚಿಕಿತ್ಸೆಗೆ ಮುಂಚೆ ಹೃದಯದ ಬಗ್ಗೆ ಒಂದು ಕಾಗದ ಬೇಕಾದವರು, ವರ್ಷಕ್ಕೊಮ್ಮೆ ತಪಾಸಣೆಗೆ ಬರುವವರು. ಸಾರ್ವಜನಿಕ ಚಿಕಿತ್ಸಾಲಯದ ಚೀಟಿಯಲ್ಲಿ "ಏದುಸಿರು", "ಕಾಲು ಬಾವು", "ಮರ್ಮರ (ಹೃದಯದಲ್ಲಿ ಹೆಚ್ಚುವರಿ ಸದ್ದು) ಕೇಳಿಸುತ್ತದೆ" ಎಂದಷ್ಟೇ ಬರೆದಿರುತ್ತದೆ. ಎದೆಗೆ ಪ್ರೋಬ್, ಅಂದರೆ ಚಿತ್ರ ತೆಗೆಯಲು ಕೈಯಲ್ಲಿ ಹಿಡಿಯುವ ಉಪಕರಣ, ತಾಗುವ ತನಕ ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲ. ಬೆಳಗಿನ ಮೊದಲ ರೋಗಿಗೆ ರಕ್ತಹೀನತೆ ಬಿಟ್ಟರೆ ಏನೂ ಇರುವುದಿಲ್ಲ. ಎರಡನೆಯವರ ಹೃದಯದ ಸುತ್ತ ನೀರು ತುಂಬಿ ನಿಂತಿರುತ್ತದೆ. ಪುಸ್ತಕದಲ್ಲಿ ಮಾತ್ರ ಓದಿದ್ದ ರೋಗಗಳನ್ನು, ಅದೂ ಇನ್ನೂ ಯಾರ ಚಿಕಿತ್ಸೆಗೂ ಸಿಗದ ಹಂತದಲ್ಲಿ, ಅಲ್ಲಿ ನೋಡುತ್ತೀರಿ.

ಅಲ್ಲಿನ ಅಪಾಯವೇ ಬೇರೆ. ತಿದ್ದುವವರು ಪಕ್ಕದಲ್ಲಿರುವುದಿಲ್ಲ. ಈಗ ನಿಮಗೆ ಅನುಮಾನ ಬಂದರೆ ಬಾಗಿಲು ತೆರೆದು "ಸರ್, ಒಂದು ನಿಮಿಷ ನೋಡುತ್ತೀರಾ" ಎಂದು ಕರೆಯಬಹುದು. ಅವರು ಬಂದು ತಾವೇ ಪ್ರೋಬ್ ಹಿಡಿದು ನೋಡಿ ಹೋಗುತ್ತಾರೆ. ದೂರದಲ್ಲಿ ಕುಳಿತವರಿಗೆ ಆ ಅವಕಾಶವಿಲ್ಲ. ಎದೆಯ ಎಕ್ಸ್‌ರೇ ಯಾರು ತೆಗೆದರೂ ಹೆಚ್ಚುಕಡಿಮೆ ಅದೇ ಚಿತ್ರ ಬರುತ್ತದೆ. ಎಕೋ ಹಾಗಲ್ಲ, ಪ್ರೋಬನ್ನು ಒಂದು ಪಕ್ಕೆಲುಬಿನಷ್ಟು ಮೇಲಕ್ಕೆ ಸರಿಸಿದರೆ ಬೇರೆಯೇ ಹೃದಯ ಕಾಣುತ್ತದೆ. ನೀವು ತೆಗೆಯದ ಚಿತ್ರ ತಜ್ಞರ ಪಾಲಿಗೆ ಇಲ್ಲವೇ ಇಲ್ಲ. ನೀವು ಓರೆಯಾಗಿ ತೆಗೆದದ್ದನ್ನು ಅವರು ನೇರವಾದದ್ದೆಂದೇ ಓದುವ ಸಾಧ್ಯತೆ ಇದೆ. ಆದ್ದರಿಂದ ಚಿತ್ರದ ಜೊತೆಗೆ, ಆ ಚಿತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಕಳಿಸಬಲ್ಲವರೇ ಇಂಥ ಕಡೆ ಒಳ್ಳೆಯ ಟೆಕ್ನಿಷಿಯನ್. ನನ್ನ ಉಳಿದ ಮಾತೆಲ್ಲ ಇದರ ಸುತ್ತಲೇ ಇದೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಎಪ್ಪತ್ತರ ಆಸುಪಾಸಿನ ವ್ಯಕ್ತಿ, ಮೆಟ್ಟಿಲು ಹತ್ತಿದರೆ ತಲೆಸುತ್ತು. ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟ ಸುಣ್ಣಗಟ್ಟಿ ಬೆಳ್ಳಗೆ ಹೊಳೆಯುತ್ತಿದೆ, ಸರಿಯಾಗಿ ತೆರೆದುಕೊಳ್ಳುತ್ತಿಲ್ಲ. ಹೃದಯದ ತುದಿಯ ಕಡೆಯಿಂದ ರಕ್ತದ ವೇಗ ಅಳೆಯುವ ಕಂಟಿನ್ಯುಯಸ್ ವೇವ್ ಡಾಪ್ಲರ್ ಹಾಕಿದಿರಿ. ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 3.4 ಮೀಟರ್ ಬಂತು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಎರಡು ಬದಿಗಳ ಒತ್ತಡದ ಅಂತರ 46 ಮಿಲಿಮೀಟರ್ ಪಾದರಸ. "ಮಧ್ಯಮ ಪ್ರಮಾಣದ ಸಂಕೋಚ, ಮುಂದಿನ ವರ್ಷ ಮತ್ತೆ ನೋಡಿ" ಎಂದು ವರದಿ ಬರುತ್ತದೆ.

ಈಗ ಅದೇ ವ್ಯಕ್ತಿಯನ್ನು ಬಲಮಗ್ಗುಲಿಗೆ ಹೊರಳಿಸಿ. ಚಿತ್ರ ತೋರಿಸದ, ಪೆನ್ಸಿಲ್ ಪ್ರೋಬ್ ಎಂದು ನಾವು ಕರೆಯುವ ಸಣ್ಣ ಡಾಪ್ಲರ್ ಪ್ರೋಬನ್ನು ಎದೆಮೂಳೆಯ ಬಲ ಅಂಚಿಗೆ ಒತ್ತಿ, ಪರದೆಗಿಂತ ಹೆಚ್ಚಾಗಿ ಕಿವಿಯನ್ನು ನಂಬಿ ಹುಡುಕಿ. ಮೊದಲು ಒರಟು ಸದ್ದು ಕೇಳಿಸುತ್ತದೆ. ಮಣಿಕಟ್ಟನ್ನು ಕೂದಲೆಳೆಯಷ್ಟು ವಾಲಿಸಿದಾಗ ಅದು ತೆಳುವಾಗಿ, ತೀಕ್ಷ್ಣವಾಗಿ ಮೇಲೇರುತ್ತದೆ. ಉಸಿರನ್ನು ಪೂರ್ತಿ ಬಿಟ್ಟು ತಡೆಹಿಡಿಯಲು ರೋಗಿಗೆ ಹೇಳಿ, ಆ ಜಾಗದಲ್ಲಿ ಕೈ ನಿಲ್ಲಿಸಿ ಅಳೆದರೆ 4.3 ಮೀಟರ್. ಒತ್ತಡದ ಅಂತರ 74. ವೇಗ 4 ಮೀಟರ್ ಮುಟ್ಟಿದರೆ ತೀವ್ರ ಸಂಕೋಚ ಎಂದು ಲೆಕ್ಕ. ಜೊತೆಗೆ ಲಕ್ಷಣಗಳೂ ಇದ್ದರೆ ಕವಾಟ ಬದಲಿಸುವ ಬಗ್ಗೆ ಯೋಚಿಸಬೇಕು. ಹತ್ತು ನಿಮಿಷ ಹೆಚ್ಚು ಹುಡುಕಿದ್ದರಿಂದ ಆ ವ್ಯಕ್ತಿಯ ಮುಂದಿನ ದಾರಿಯೇ ಬದಲಾಯಿತು.

ಇಲ್ಲಿ ಪವಾಡವೇನೂ ಇಲ್ಲ, ಕೋನದ ಲೆಕ್ಕವಷ್ಟೇ. ಡಾಪ್ಲರ್ ಕಿರಣ ರಕ್ತದ ಹರಿವಿನ ನೇರಕ್ಕೆ ಇರಬೇಕು. 20 ಡಿಗ್ರಿ ಓರೆಯಾದರೆ ವೇಗ ಸುಮಾರು ಶೇಕಡಾ 6ರಷ್ಟು ಕಡಿಮೆ ಬರುತ್ತದೆ. ವರ್ಗ ಮಾಡುವುದರಿಂದ ಒತ್ತಡದಲ್ಲಿ ಆ ಕೊರತೆ ಶೇಕಡಾ 12ಕ್ಕೆ ಏರುತ್ತದೆ. ಕೋನದ ತಪ್ಪು ಒಂದೇ ದಿಕ್ಕಿನದು ಎಂಬುದನ್ನು ನೆನಪಿಡಿ: ಅದು ರೋಗವನ್ನು ಚಿಕ್ಕದಾಗಿ ತೋರಿಸುತ್ತದೆ, ದೊಡ್ಡದಾಗಿ ತೋರಿಸುವುದಿಲ್ಲ. ಹಾಗಾಗಿ ಯಾವ ಯಾವ ಕಿಟಕಿಯಿಂದ (ಎದೆಯ ಮೇಲೆ ಪ್ರೋಬ್ ಇಡುವ ಜಾಗದಿಂದ) ಅಳೆದಿರಿ, ಅತಿ ಹೆಚ್ಚಿನ ವೇಗ ಎಲ್ಲಿ ಸಿಕ್ಕಿತು ಎಂದು ಬರೆಯಿರಿ. "ಬಲ ಅಂಚಿನಿಂದ ಪ್ರಯತ್ನಿಸಿದೆ, ಸಿಗಲಿಲ್ಲ" ಎಂಬ ಒಂದು ಸಾಲು ತಜ್ಞರಿಗೆ ಎಷ್ಟು ಉಪಯೋಗವೆಂದರೆ, ಅದನ್ನು ಓದಿದ ಮೇಲೆ 3.4ನ್ನು ಅವರು ಕಣ್ಣುಮುಚ್ಚಿ ನಂಬುವುದಿಲ್ಲ.

ಇದೇ ಬಗೆಯ ಇನ್ನೊಂದು ಮೋಸ ಹೃದಯದ ತುದಿಯಲ್ಲಿ ನಡೆಯುತ್ತದೆ. ನಾಲ್ಕು ಕೋಣೆಗಳೂ ಕಾಣುವ ಚಿತ್ರದಲ್ಲಿ ಎಡ ಹೃತ್ಕುಕ್ಷಿಯ (ಮೈಗೆ ರಕ್ತ ತಳ್ಳುವ ಕೋಣೆಯ) ತುದಿ ದುಂಡಗೆ, ದಪ್ಪಗೆ ಕಂಡು ಪ್ರತಿ ಬಡಿತಕ್ಕೂ ಒಳಗೆ ನುಗ್ಗುತ್ತಿದ್ದರೆ ನೀವು ನೋಡುತ್ತಿರುವುದು ತುದಿಯನ್ನಲ್ಲ. ನಿಜವಾದ ತುದಿ ತೆಳ್ಳಗಿರುತ್ತದೆ, ಹೆಚ್ಚು ಕದಲುವುದಿಲ್ಲ. ಪ್ರೋಬ್ ಮೇಲಿನ ಪಕ್ಕೆಲುಬಿನ ಸಂದಿಯಲ್ಲಿ ಇರುವುದರಿಂದ ಹೃದಯವನ್ನು ಓರೆಯಾಗಿ ಕೊಯ್ದ ಚಿತ್ರ ಬಂದಿರುತ್ತದೆ. ಹೀಗೆ ಮೊಟಕಾದ ಚಿತ್ರದಲ್ಲಿ ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಆ ಕೋಣೆ ತನ್ನಲ್ಲಿನ ಎಷ್ಟು ಪಾಲು ರಕ್ತ ಹೊರದೂಡುತ್ತದೆ ಎಂಬುದು) ಲೆಕ್ಕ ಹಾಕಿದರೆ ದುರ್ಬಲ ಹೃದಯಕ್ಕೂ ಒಳ್ಳೆಯ ಅಂಕ ಸಿಗಬಹುದು. ತುದಿಯಲ್ಲಿ ಕುಳಿತ ರಕ್ತದ ಹೆಪ್ಪು ಕಾಣದೇ ಹೋಗಬಹುದು. ಒಂದು ಸಂದಿ ಕೆಳಗಿಳಿದು, ಇನ್ನಷ್ಟು ಪಕ್ಕಕ್ಕೆ ಸರಿದು ನೋಡಿ. ಸಾಲು ಉದ್ದವಿದ್ದಾಗ ಎಲ್ಲರೂ ಮೊದಲು ಬಿಡುವುದು ಇದನ್ನೇ.

ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಬಗ್ಗೆ ಇಷ್ಟೇ ಹೇಳುತ್ತೇನೆ. ವೇಗದ ಮಾಪಕವನ್ನು ಸಾಮಾನ್ಯವಾಗಿ ಇಡುವ ಸೆಕೆಂಡಿಗೆ 50ರಿಂದ 70 ಸೆಂಟಿಮೀಟರ್ ಬದಲು 30ಕ್ಕೆ ಇಳಿಸಿದರೆ ಕವಾಟದ ಚಿಕ್ಕ ಸೋರಿಕೆಯೂ ದೊಡ್ಡದಾಗಿ ಹರಡಿಕೊಳ್ಳುತ್ತದೆ. ರಕ್ತದೊತ್ತಡ 180 ಇದ್ದಾಗ ಕಂಡ ಮೈಟ್ರಲ್ ಕವಾಟದ (ಎಡಗಡೆಯ ಎರಡು ಕೋಣೆಗಳ ನಡುವಿನದು) ಸೋರಿಕೆ, ಮಾತ್ರೆ ನುಂಗಿ 120ಕ್ಕೆ ಇಳಿದಾಗ ಅರ್ಧದಷ್ಟು ಕಾಣಬಹುದು. ಆದ್ದರಿಂದ ರಕ್ತದೊತ್ತಡವನ್ನು ನೀವೇ ಅಳೆಯಿರಿ, ನಾಡಿಯ ವೇಗ ಮತ್ತು ಲಯದ ಜೊತೆ ಅದನ್ನೂ ದಾಖಲಿಸಿ. ಲಯ ತಪ್ಪಿದವರಲ್ಲಿ ಒಂದು ಬಡಿತದ ಅಳತೆಗೆ ಅರ್ಥವಿಲ್ಲ. ಕನಿಷ್ಠ ಐದು ಬಡಿತಗಳ ಸರಾಸರಿ ಬೇಕು. ರಕ್ತದೊತ್ತಡವಿಲ್ಲದ ಎಕೋ ವರದಿ ನನ್ನ ದೃಷ್ಟಿಯಲ್ಲಿ ಅಪೂರ್ಣ. ಬಹಳ ಆಸ್ಪತ್ರೆಗಳು ಅಂಥ ವರದಿಯನ್ನೇ ಕೊಡುತ್ತವೆ ಎಂಬುದು ಬೇರೆ ಮಾತು.

ಇನ್ನು "ಎಲ್ಲವೂ ಸಹಜ" ಎಂದು ಮೊದಲೇ ತುಂಬಿಟ್ಟ ವರದಿಯ ನಮೂನೆ. ಕೆಲಸ ಬೇಗ ಮುಗಿಸಲು ಇದನ್ನು ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ತೊಂದರೆ ಇದ್ದರೆ ಆ ಸಾಲು ತಿದ್ದಿದರಾಯಿತು. ದಪ್ಪ ಮೈಯವರಲ್ಲಿ, ಬಹಳ ವರ್ಷ ಧೂಮಪಾನ ಮಾಡಿ ಶ್ವಾಸಕೋಶ ಉಬ್ಬಿದವರಲ್ಲಿ ಅರ್ಧ ಹೃದಯ ಕಾಣುವುದೇ ಇಲ್ಲ. ಕಾಣದ ಗೋಡೆಯ ಮುಂದೆ "ಸಹಜ" ಎಂದು ನಮೂನೆಯೇ ಬರೆದಿರುತ್ತದೆ, ನೀವು ಬರೆದಿರುವುದಿಲ್ಲ. ಆದರೆ ಸಹಿ ಮಾತ್ರ ನಿಮ್ಮದು. ನಮೂನೆಯ ಪ್ರತಿ ಸಾಲನ್ನೂ ಖಾಲಿ ಇಟ್ಟು ಶುರು ಮಾಡಿ. ಕಂಡದ್ದನ್ನು ಬರೆಯಿರಿ, ಕಾಣದ್ದಕ್ಕೆ "ಕಾಣಲಿಲ್ಲ" ಎಂದು ಬರೆಯಿರಿ. ಎದೆಯ ಕಿಟಕಿಗಳು ಕೈಕೊಟ್ಟರೆ ಪಕ್ಕೆಲುಬಿನ ಕೆಳಗಿನಿಂದ, ಹೊಟ್ಟೆಯ ಮೇಲ್ಭಾಗದಿಂದ ನೋಡಿ. ಶ್ವಾಸಕೋಶ ಉಬ್ಬಿದವರಲ್ಲಿ ಹೃದಯ ಕೆಳಗಿಳಿದಿರುವುದರಿಂದ ಅಲ್ಲಿಂದ ಚೆನ್ನಾಗಿ ಸಿಗುವುದುಂಟು.

ಅಲ್ಲಿ ನೀವು ಹೆಚ್ಚು ನೋಡಬಹುದಾದ ಒಂದು ರೋಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು: ರುಮ್ಯಾಟಿಕ್ ಹೃದ್ರೋಗ. ಬಾಲ್ಯದ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರ ಕವಾಟಗಳನ್ನು ಕೆಡಿಸಿ, ವರ್ಷಗಳ ನಂತರ ತಲೆಯೆತ್ತುವ ಕಾಯಿಲೆ. ಎಕೋ ಎಂಬ ವಿದ್ಯೆ ಹುಟ್ಟಿದ್ದರಲ್ಲೂ ಇದರ ಪಾಲಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ಹೃದ್ರೋಗ ತಜ್ಞರು, ಮೈಟ್ರಲ್ ಕವಾಟ ಎಷ್ಟು ಕಿರಿದಾಗಿದೆ, ಶಸ್ತ್ರಚಿಕಿತ್ಸೆ ಯಾರಿಗೆ ಬೇಕು ಎಂದು ಎದೆ ತೆರೆಯದೆ ತಿಳಿಯುವ ದಾರಿ ಹುಡುಕುತ್ತಿದ್ದರು. ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್ ಜೊತೆ ಸೇರಿ, ಲೋಹದೊಳಗಿನ ಬಿರುಕು ಪತ್ತೆ ಮಾಡುವ ಯಂತ್ರವನ್ನು ಎರವಲು ತಂದು ಮನುಷ್ಯರ ಎದೆಗೆ ಹಿಡಿದರು. ಕೆಲವು ವರ್ಷಗಳ ನಂತರ ಅಮೆರಿಕದಲ್ಲಿ ಹಾರ್ವೆ ಫೈಗೆನ್‌ಬಾಮ್ ವೈದ್ಯರಲ್ಲದವರಿಗೂ ಈ ಕೆಲಸ ಕಲಿಸತೊಡಗಿದರು. ನಮ್ಮ ವೃತ್ತಿಯ ಬೇರು ಅಲ್ಲಿದೆ.

ಈ ರೋಗ ಯಾರಲ್ಲಿ ಹೇಗೆ ಎದುರಾಗುತ್ತದೆ ಎಂದು ನೋಡಿ. ಐದಾರು ತಿಂಗಳ ಗರ್ಭಿಣಿ, ರಾತ್ರಿ ಮಲಗಿದರೆ ಕೆಮ್ಮು, ಉಸಿರು ಕಟ್ಟುತ್ತದೆ. ಗರ್ಭಿಣಿಯರಿಗೆ ಏದುಸಿರು ಸಹಜವೆಂದು ಒಬ್ಬರು, ಆಸ್ತಮಾ ಎಂದು ಇನ್ನೊಬ್ಬರು ಹೇಳಿ ಕಳಿಸಿರುತ್ತಾರೆ. ಎಡ ಹೃತ್ಕರ್ಣ (ಎಡಗಡೆಯ ಮೇಲಿನ ಕೋಣೆ) ಉಬ್ಬಿದೆ. ಮೈಟ್ರಲ್ ಕವಾಟದ ಎಸಳುಗಳ ತುದಿಗಳು ಬೆಸೆದುಕೊಂಡು, ಮುಂದಿನ ಎಸಳು ತೆರೆಯುವಾಗ ಹಾಕಿ ಕೋಲಿನಂತೆ ಬಾಗುತ್ತದೆ. ಬಸಿರಿನಲ್ಲಿ ರಕ್ತದ ಪ್ರಮಾಣ ಶೇಕಡಾ 40ಕ್ಕೂ ಹೆಚ್ಚು ಏರುತ್ತದೆ, ನಾಡಿ ಚುರುಕಾಗುತ್ತದೆ. ಕಿರಿದಾದ ಬಾಗಿಲಿನಿಂದ ಹೆಚ್ಚು ರಕ್ತ ಕಡಿಮೆ ಸಮಯದಲ್ಲಿ ಹಾಯಬೇಕು. ಹಾಯಲಾರದ್ದು ಶ್ವಾಸಕೋಶದ ಕಡೆಗೆ ಒತ್ತುತ್ತದೆ. ಅಲ್ಲಿಯವರೆಗೆ ಆಕೆಗೆ ತನಗೊಂದು ರೋಗವಿದೆ ಎಂದೇ ತಿಳಿದಿರುವುದಿಲ್ಲ.

ಆಕೆಯ ಕವಾಟದ ಅಗಲವನ್ನು ಅಡ್ಡ ಕೊಯ್ತದ ಚಿತ್ರದಲ್ಲಿ ಗೆರೆ ಎಳೆದು ಅಳೆಯುವಾಗ ಎಸಳುಗಳ ತುದಿಯಲ್ಲೇ ಅಳೆಯಬೇಕು. ಪ್ರೋಬನ್ನು ನಿಧಾನವಾಗಿ ಮೇಲೆ ಕೆಳಗೆ ವಾಲಿಸಿ ಅತಿ ಚಿಕ್ಕ ಬಾಯಿ ಸಿಗುವ ಮಟ್ಟವನ್ನು ಹುಡುಕಿ. ಅರ್ಧ ಸೆಂಟಿಮೀಟರ್ ಮೇಲಕ್ಕೆ ಹೋದರೂ ಸಾಕು, 1.2 ಚದರ ಸೆಂಟಿಮೀಟರ್ ಇದ್ದದ್ದು 2ರ ಹತ್ತಿರ ಕಾಣಬಹುದು. ಆರೋಗ್ಯವಂತರಲ್ಲಿ ಈ ಬಾಯಿ 4ರಿಂದ 6 ಚದರ ಸೆಂಟಿಮೀಟರ್; 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಒತ್ತಡದ ಅಂತರವನ್ನು ಬರೆಯುವಾಗ ಪಕ್ಕದಲ್ಲೇ ನಾಡಿಯ ವೇಗ ಬರೆಯಿರಿ. ನಾಡಿ 110 ಇದ್ದಾಗಿನ ಅಂಕಿಯನ್ನೂ 70 ಇದ್ದಾಗಿನ ಅಂಕಿಯನ್ನೂ ಹೋಲಿಸಲು ಬರುವುದಿಲ್ಲ.

ಶಾಲಾ ಮಕ್ಕಳ ತಪಾಸಣೆಯೂ ನಿಮ್ಮ ಪಾಲಿಗೆ ಬರಬಹುದು. ಇಲ್ಲಿ ಎದುರಾಗುವ ಕಷ್ಟ ಉಲ್ಟಾ: ಆರೋಗ್ಯವಂತ ಮಕ್ಕಳಲ್ಲೂ ಚಿಕ್ಕ ಸೋರಿಕೆ ಕಾಣುತ್ತದೆ, ಅದನ್ನೆಲ್ಲ ರೋಗವೆಂದರೆ ಊರೆಲ್ಲ ರೋಗಿಗಳೇ. ವರ್ಲ್ಡ್ ಹಾರ್ಟ್ ಫೆಡರೇಷನ್ 2012ರಲ್ಲಿ ಕೊಟ್ಟು 2023ರಲ್ಲಿ ಪರಿಷ್ಕರಿಸಿದ ಮಾನದಂಡಗಳನ್ನು ಬಾಯಿಪಾಠ ಮಾಡಿಕೊಳ್ಳಿ. ರೋಗದ ಗುರುತೆನ್ನಲು ಮೈಟ್ರಲ್ ಸೋರಿಕೆ ಎರಡು ನೋಟಗಳಲ್ಲಾದರೂ ಕಾಣಬೇಕು, ಸಂಕೋಚನದ ಉದ್ದಕ್ಕೂ ಇರಬೇಕು, ವೇಗ ಸೆಕೆಂಡಿಗೆ 3 ಮೀಟರ್ ಮುಟ್ಟಬೇಕು, ಉದ್ದ 2 ಸೆಂಟಿಮೀಟರ್ ಇರಬೇಕು. 30 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ 1.5 ಸೆಂಟಿಮೀಟರ್ ಎಂದು ಹೊಸ ಮಾನದಂಡ ಹೇಳುತ್ತದೆ. ಅಂದರೆ ತೂಕ ನೋಡದೆ ಪ್ರೋಬ್ ಹಿಡಿಯಬಾರದು. ಈ ಶ್ರಮಕ್ಕೆ ಫಲವಿದೆ. ಉಗಾಂಡಾದಲ್ಲಿ 5ರಿಂದ 17 ವಯಸ್ಸಿನ 818 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಕೋದಲ್ಲಿ ಮಾತ್ರ ಕಂಡ ಆರಂಭದ ರೋಗಕ್ಕೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರು. ಎರಡು ವರ್ಷಗಳ ನಂತರ ರೋಗ ಮುಂದುವರಿದದ್ದು ಚುಚ್ಚುಮದ್ದು ಪಡೆದವರಲ್ಲಿ ಶೇಕಡಾ 0.8, ಪಡೆಯದವರಲ್ಲಿ ಶೇಕಡಾ 8.2. ಹೃದಯಕ್ಕೆ ಸಂಬಂಧಿಸಿದ ಚಿಕಿತ್ಸೆಗಳಲ್ಲಿ ಇಷ್ಟು ಸ್ಪಷ್ಟ ವ್ಯತ್ಯಾಸ ಅಪರೂಪ.

ರೋಗಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಅದು ಪರೀಕ್ಷೆ ಮುಗಿದ ಮೇಲಿನ ಪ್ರಶ್ನೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ನಾನು ಪ್ರೋಬ್ ಹಿಡಿಯುವ ಮುಂಚೆಯೇ ಹೇಳಿಬಿಡುತ್ತೇನೆ. "ಸುಮಾರು ಮುಕ್ಕಾಲು ಗಂಟೆ ಬೇಕು. ಅಳೆಯುವಾಗ ನಾನು ಮಾತಾಡುವುದಿಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದರೆ ಗಾಬರಿಯಾಗಬೇಡಿ, ಅಲ್ಲಿ ಚಿತ್ರ ಸರಿಯಾಗಿ ಸಿಗುತ್ತಿಲ್ಲ ಎಂದಷ್ಟೇ ಅರ್ಥ. ನಡುವೆ ಕೇಳಿಸುವ ಸದ್ದು ನಿಮ್ಮ ರಕ್ತ ಹರಿಯುವುದರದ್ದು." ಮಲಗಿದವರು ಪರದೆ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾರೆ. ಹುಬ್ಬು ಗಂಟಿಕ್ಕಿದರೆ ಸಾಕು, ಅವರ ನಾಡಿ ಓಡುವುದು ಇಸಿಜಿ ಗೆರೆಯಲ್ಲೇ ಕಾಣುತ್ತದೆ.

ಮುಗಿದ ಮೇಲೆ ಕೇಳಿದರೆ: "ಚಿತ್ರ, ಅಳತೆ ತೆಗೆದಿದ್ದೇನೆ. ಡಾಕ್ಟರು ಅದನ್ನು ನಿಮ್ಮ ಬೇರೆ ಪರೀಕ್ಷೆಗಳ ಜೊತೆ ಸೇರಿಸಿ ನೋಡಿ ಹೇಳುತ್ತಾರೆ. ವರದಿ ಇಂಥ ದಿನ, ಇಂಥ ಕೋಣೆಯಲ್ಲಿ ಸಿಗುತ್ತದೆ." ಆ ದಿನ ನಿಜವಾದ ದಿನವಾಗಿರಬೇಕು. "ಏನೂ ಇಲ್ಲ, ಆರಾಮಾಗಿರಿ" ಎಂದು ಮಾತ್ರ ಎಂದೂ ಹೇಳಬೇಡಿ, ಚಿತ್ರ ಎಷ್ಟೇ ಚೆನ್ನಾಗಿರಲಿ. ಎಕೋ ಹೃದಯದ ಸ್ನಾಯು ಮತ್ತು ಕವಾಟಗಳನ್ನು ತೋರಿಸುತ್ತದೆ. ಹೃದಯಕ್ಕೆ ರಕ್ತ ಕೊಡುವ ಧಮನಿಗಳಲ್ಲಿ ಅಡಚಣೆ ಇದೆಯೇ ಎಂದು ಅದು ನೇರವಾಗಿ ಹೇಳುವುದಿಲ್ಲ. ನಿಮ್ಮ "ಏನೂ ಇಲ್ಲ" ಎಂಬ ಮಾತನ್ನು ನೆಚ್ಚಿಕೊಂಡು ಎದೆನೋವನ್ನು ಕಡೆಗಣಿಸಿದವರಿಗೆ ಆಮೇಲೆ ಯಾರು ಉತ್ತರ ಹೇಳುತ್ತಾರೆ?

ಆದರೆ ಸುಮ್ಮನಿರುವುದಕ್ಕೂ ಮಿತಿ ಇದೆ. ಕೆಲವನ್ನು ಕಂಡರೆ ಚಿತ್ರ ಕಳಿಸಿ ವರದಿಗೆ ಕಾಯುವಂತಿಲ್ಲ. ಹೃದಯದ ಸುತ್ತಲಿನ ನೀರು ಬಲಗಡೆಯ ಕೋಣೆಗಳನ್ನು ಅವು ಹಿಗ್ಗಬೇಕಾದ ಹೊತ್ತಿನಲ್ಲಿ ಒಳಕ್ಕೆ ತಳ್ಳುತ್ತಿದ್ದರೆ, ಕೆಳಗಿನ ಮಹಾಸಿರೆ 2.1 ಸೆಂಟಿಮೀಟರ್ ಮೀರಿ ಉಬ್ಬಿ ಉಸಿರೆಳೆದಾಗಲೂ ಕುಗ್ಗದಿದ್ದರೆ, ನಾಡಿ ಓಡುತ್ತಿದ್ದು ರಕ್ತದೊತ್ತಡ ಇಳಿಯುತ್ತಿದ್ದರೆ, ಅದು ನಿಮಿಷಗಳ ಲೆಕ್ಕದ ಮಾತು. ಮಹಾಪಧಮನಿಯ ಒಳಗೋಡೆ ಸೀಳಿ ಅಲುಗಾಡುವ ಪದರ, ಹೃದಯದೊಳಗೆ ತೂಗಾಡುವ ಹೆಪ್ಪು, ಜ್ವರ ಇರುವವರ ಕವಾಟದ ಮೇಲೆ ಹೊಸದಾಗಿ ಬೆಳೆದ ಗಡ್ಡೆ, ಹೃದಯಾಘಾತದ ನಂತರ ಕೋಣೆಗಳ ನಡುವಿನ ಗೋಡೆಯಲ್ಲಿ ಬಿದ್ದ ತೂತು, ಇವೂ ಹಾಗೆಯೇ. ರೋಗಿಯನ್ನು ಒಂಟಿಯಾಗಿ ಬಿಡದೆ, ಅಲ್ಲಿ ಇರುವ ವೈದ್ಯರನ್ನು ಕೋಣೆಗೆ ಕರೆಸಿ, ತಜ್ಞರಿಗೆ ಫೋನ್ ಮಾಡಿ. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ ಎಂದು ಬರೆದಿಡಿ. ಇಂಥ ಸಂದರ್ಭಗಳ ಪಟ್ಟಿ, ಯಾರನ್ನು ಕರೆಯಬೇಕು ಎಂಬ ಹೆಸರುಗಳ ಸಮೇತ ಗೋಡೆಯ ಮೇಲೆ ಇರಬೇಕು. ಇಲ್ಲದಿದ್ದರೆ ಮೊದಲ ವಾರ ನೀವೇ ಬರೆದು ವೈದ್ಯಾಧಿಕಾರಿಯ ಸಹಿ ಹಾಕಿಸಿ ಅಂಟಿಸಿ.

ಎದೆ ತೆರೆದು ಮಲಗುವುದು ಯಾರಿಗೂ ಸುಲಭವಲ್ಲ ಎಂಬುದು ದಿನಕ್ಕೆ ಹತ್ತಾರು ಜನರನ್ನು ನೋಡುವ ನಮಗೆ ಮರೆತುಹೋಗುತ್ತದೆ. ಪರದೆ, ಹೊದಿಕೆ, ಮಹಿಳೆಯರಿಗೆ ಬೇಕೆನಿಸಿದರೆ ಜೊತೆಗೊಬ್ಬರು, ಇಷ್ಟಾದರೂ ಇರಬೇಕು. ಸ್ತನವನ್ನು ಸರಿಸಬೇಕಾದಾಗ ಯಾಕೆಂದು ಹೇಳಿ, ಅವರೇ ಎತ್ತಿ ಹಿಡಿಯುವಂತೆ ಕೇಳಿ.

ಹಳೆಯ ಯಂತ್ರಕ್ಕೆ ಹೆದರಬೇಡಿ. ಕೆಟ್ಟ ಪ್ರೋಬ್‌ಗೆ ಹೆದರಿ. ಹೃದಯದ ಪ್ರೋಬ್‌ನಲ್ಲಿ ಪ್ರತಿ ಗೆರೆಯನ್ನೂ ಎಲ್ಲ ಹರಳುಗಳು ಸೇರಿ ರಚಿಸುತ್ತವೆ. ಹಾಗಾಗಿ ಕೆಲವು ಹರಳುಗಳು ಸತ್ತರೆ ಪರದೆಯ ಮೇಲೆ ಕಪ್ಪು ಪಟ್ಟೆ ಬೀಳುವುದಿಲ್ಲ. ಇಡೀ ಚಿತ್ರ ದಿನದಿಂದ ದಿನಕ್ಕೆ ಮಂಕಾಗುತ್ತದೆ, ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ದಿನವೇ ಒಬ್ಬ ಸಹೋದ್ಯೋಗಿಯ ಹೃದಯದ ಚಿತ್ರವನ್ನು ಇಂಥ ಆಳ, ಇಂಥ ಗೇನ್ (ಚಿತ್ರದ ಹೊಳಪಿನ ಮಟ್ಟ) ಎಂದು ಬರೆದು ಉಳಿಸಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಹೊಂದಾಣಿಕೆಯಲ್ಲಿ ಅದೇ ವ್ಯಕ್ತಿಯನ್ನು ನೋಡಿ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಹೊಸ ಪ್ರೋಬ್ ಕೇಳಲು ಕಚೇರಿಗೆ ಪತ್ರ ಬರೆದಾಗ ಈ ಎರಡು ಚಿತ್ರಗಳು ನಿಮ್ಮ ಪರವಾಗಿ ಮಾತಾಡುತ್ತವೆ. ಸ್ಪಿರಿಟ್‌ನಿಂದ ಒರೆಸಬೇಡಿ, ಕೆಲವು ಪ್ರೋಬ್‌ಗಳ ಮುಂಭಾಗದ ರಬ್ಬರ್ ಅದರಿಂದ ಬಿರುಕು ಬಿಡುತ್ತದೆ. ತಯಾರಕರು ಹೇಳಿದ ದ್ರಾವಣವನ್ನೇ ಬಳಸಿ. ಜೆಲ್ ಬಾಟಲಿ ಅರ್ಧವಾದಾಗ ಮೇಲಿಂದ ತುಂಬಿಸುವ ಅಭ್ಯಾಸ ಬೇಡ, ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಚಿಕ್ಕ ಮಕ್ಕಳನ್ನೂ ನೋಡಬೇಕಾದರೆ ಹೆಚ್ಚು ಆವರ್ತನದ ಬೇರೆ ಪ್ರೋಬ್ ಬೇಕೇ ಬೇಕು. ದೊಡ್ಡವರ ಪ್ರೋಬ್‌ನಲ್ಲಿ ಕೂಸಿನ ಹೃದಯ ನೋಡಿ ವರದಿ ಬರೆಯುವುದಕ್ಕಿಂತ ಬರೆಯದಿರುವುದು ವಾಸಿ.

ಚಿತ್ರ ಕಳಿಸುವಾಗ ಇಸಿಜಿ ಗೆರೆ ಇರಲಿ, ಒಂದೊಂದು ತುಣುಕಿನಲ್ಲೂ ಎರಡು ಮೂರು ಬಡಿತ ಇರಲಿ. ಪರದೆಯ ಚಿತ್ರವನ್ನು ಸ್ವಂತ ಮೊಬೈಲ್‌ನಲ್ಲಿ ಹಿಡಿದು ಕಳಿಸುವುದು ಎಷ್ಟೋ ಕಡೆ ರೂಢಿಯಾಗಿದೆ. ರೋಗಿಯ ಗುಟ್ಟು ಬಯಲಾಗುವುದು ಒಂದು ತೊಂದರೆ. ವಿಡಿಯೊ ಕುಗ್ಗಿದಾಗ ನಡುವಿನ ಚೌಕಟ್ಟುಗಳು ಬಿದ್ದುಹೋಗಿ ಗೋಡೆಯ ಚಲನೆಯೇ ಬೇರೆಯಾಗಿ ಕಾಣುವುದು ಇನ್ನೊಂದು.

ನಿಮ್ಮ ಭುಜದ ಬಗ್ಗೆ ನೀವು ಕೇಳಲಿಲ್ಲ, ಈ ವಯಸ್ಸಿನಲ್ಲಿ ಯಾರೂ ಕೇಳುವುದಿಲ್ಲ. ಅಲ್ಟ್ರಾಸೌಂಡ್ ಮಾಡುವವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಜನ ನೋವಿನಲ್ಲೇ ಕೆಲಸ ಮಾಡುತ್ತಾರೆ ಎಂದು ಹಲವು ಸಮೀಕ್ಷೆಗಳು ಹೇಳಿವೆ. ಕೆಲವರು ಇದಕ್ಕಾಗಿಯೇ ವೃತ್ತಿ ಬಿಡುತ್ತಾರೆ. ರೋಗಿಯನ್ನು ಮಂಚದ ಅಂಚಿಗೆ, ನಿಮ್ಮ ಹತ್ತಿರಕ್ಕೆ ಸರಿಸಿಕೊಳ್ಳಿ. ತೋಳು ಮೈಯಿಂದ 30 ಡಿಗ್ರಿಗಿಂತ ದೂರ ಚಾಚದಿರಲಿ, ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಡಿ. ಬೆರಳುಗಳು ಪ್ರೋಬನ್ನು ಹಿಂಡುತ್ತಿದ್ದರೆ ಸಡಿಲಿಸಿ. ಎತ್ತರ ಬದಲಿಸಲು ಬರುವ, ಎಡಪಕ್ಕದಲ್ಲಿ ಹಾಸಿಗೆಯ ಭಾಗ ಕತ್ತರಿಸಿದ ಎಕೋ ಮಂಚ ಐಷಾರಾಮವಲ್ಲ. ಹೃದಯದ ತುದಿ ಮೊಟಕಾಗದಂತೆ ಚಿತ್ರ ತೆಗೆಯಲು ಪ್ರೋಬ್ ಕೆಳಗಿನಿಂದ ಬರಬೇಕು, ಆ ಖಾಲಿ ಜಾಗ ಇರುವುದು ಅದಕ್ಕೆ.

ಯಂತ್ರವೇ ಎಲ್ಲ ಮಾಡುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಕೋ ಗೊತ್ತೇ ಇಲ್ಲದ ಎಂಟು ಜನ ನರ್ಸ್‌ಗಳು ಕೃತಕ ಬುದ್ಧಿಮತ್ತೆಯ ಮಾರ್ಗದರ್ಶನದಲ್ಲಿ 240 ರೋಗಿಗಳ ಚಿತ್ರ ತೆಗೆದರು. ಎಡ ಹೃತ್ಕುಕ್ಷಿಯ ಗಾತ್ರ, ಅದರ ಕೆಲಸ, ಸುತ್ತಲಿನ ನೀರು, ಇಷ್ಟನ್ನು ನಿರ್ಧರಿಸಲು ಶೇಕಡಾ 98.8 ಜನರ ಚಿತ್ರಗಳು ಸಾಕಾದವು. ಒಳ್ಳೆಯದೇ. ಅಷ್ಟು ಮಾತ್ರ ಬೇಕಾದವರನ್ನು ಅವರು ನೋಡಿದರೆ, ಬಲ ಅಂಚಿನಿಂದ ವೇಗ ಹುಡುಕಬೇಕಾದವರಿಗೆ, ಬಸುರಿಯ ಕವಾಟ ಅಳೆಯಬೇಕಾದವರಿಗೆ ನಿಮ್ಮ ಸಮಯ ಸಿಗುತ್ತದೆ.

ಇನ್ನು ಒಪ್ಪಿಕೊಳ್ಳುವ ಮುಂಚೆ ಕೇಳಬೇಕಾದದ್ದು. ದಿನಕ್ಕೆ ಎಷ್ಟು ಎಕೋ ಎಂದು ಮೊದಲು ಕೇಳಿ. ಪೂರ್ಣ ಎಕೋ ಒಂದಕ್ಕೆ 45 ನಿಮಿಷದಿಂದ ಒಂದು ಗಂಟೆ ಬೇಕೆಂದು ವೃತ್ತಿ ಸಂಘಗಳೇ ಹೇಳುತ್ತವೆ. "ದಿನಕ್ಕೆ ಮೂವತ್ತು ಮುಗಿಸಬೇಕು" ಎಂದರೆ ಅಲ್ಲಿ ನಡೆಯುತ್ತಿರುವುದು ಪೂರ್ಣ ಎಕೋ ಅಲ್ಲ. ಸೀಮಿತ ಎಕೋ ಮಾಡುವುದರಲ್ಲಿ ತಪ್ಪಿಲ್ಲ, ಒಂದೇ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಹುಡುಕಬಹುದು. ಆದರೆ ವರದಿಯ ತಲೆಬರಹದಲ್ಲಿ "ಸೀಮಿತ" ಎಂದು ಅಚ್ಚಾಗಬೇಕು. ಅದಕ್ಕೆ ಒಪ್ಪದ ಕಡೆ ಹೋಗಬೇಡಿ. ಯಂತ್ರದ ನಿರ್ವಹಣೆಯ ಕರಾರು ಚಾಲ್ತಿಯಲ್ಲಿದೆಯೇ, ಪೆನ್ಸಿಲ್ ಪ್ರೋಬ್ ಇದೆಯೇ, ಮಂಚ ಎಂಥದ್ದು ಎಂದು ಕೋಣೆಯೊಳಗೆ ಹೋಗಿ ಕಣ್ಣಾರೆ ನೋಡಿ. ಸಂಬಳ, ರಜೆ ಎಲ್ಲ ನೀವೇ ಕೇಳಿಕೊಳ್ಳುತ್ತೀರಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಚಿಕಿತ್ಸಾಲಯಕ್ಕಲ್ಲ, ವರದಿ ಬರೆಯುವ ತಜ್ಞರಿಗೇ ಕೇಳಿ. ಅವರ ಹೆಸರು ತಿಳಿದುಕೊಂಡು ಫೋನ್ ಮಾಡಿ: ಚಿತ್ರ ಚೆನ್ನಾಗಿಲ್ಲದಿದ್ದರೆ ನನಗೆ ತಿಳಿಸುತ್ತೀರಾ? ಶಸ್ತ್ರಚಿಕಿತ್ಸೆಗೆ ಹೋದ ರೋಗಿಯ ಕವಾಟ ಒಳಗೆ ಹೇಗಿತ್ತು ಎಂದು ಆಮೇಲೆ ಹೇಳುತ್ತೀರಾ? ತಿಂಗಳಿಗೊಮ್ಮೆ ಹತ್ತು ಎಕೋಗಳನ್ನು ಒಟ್ಟಿಗೆ ಕುಳಿತು, ಪರದೆಯ ಮೇಲಾದರೂ ಸರಿ, ನೋಡೋಣವೇ? ವರದಿ ಕಳಿಸುವುದಷ್ಟೇ ನನ್ನ ಕೆಲಸ ಎಂಬ ಧಾಟಿಯ ಉತ್ತರ ಬಂದರೆ ಈಗಿರುವಲ್ಲೇ ಇನ್ನೊಂದು ವರ್ಷ ಇರಿ. ಹೌದು ಎಂದರೆ ಹಳೆಯ ಯಂತ್ರದ ಬಗ್ಗೆ ಯೋಚಿಸದೆ ಹೋಗಿ ಸೇರಿಕೊಳ್ಳಿ.